ಮಕ್ಕಳ ಕೈಯಲ್ಲಿ ದುಡ್ಡು: ಓದುಗರ ಪ್ರಶ್ನೆ, ನಮ್ಮ ಉತ್ತರ

ಬೇಸಿಗೆ ರಜೆ ಹತ್ತಿರ ಬಂದಂತೆ ಮಕ್ಕಳ ದುಡ್ಡಿನ ಬಗ್ಗೆ ಪತ್ರಗಳು ಹೆಚ್ಚುತ್ತವೆ. ಊರಿಗೆ ಹೋದರೆ ಅಜ್ಜ ಅಜ್ಜಿ ಕೈಗೆ ನೋಟು ತುರುಕುತ್ತಾರೆ, ಜಾತ್ರೆಗಳಿರುತ್ತವೆ, ಮೊಬೈಲಂತೂ ದಿನವಿಡೀ ಮಕ್ಕಳ ಬಳಿಯೇ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರ: ಮಗ ಒಂದನೇ ಕ್ಲಾಸು. ಹತ್ತು ರೂಪಾಯಿಯ ಒಂದು ನಾಣ್ಯಕ್ಕಿಂತ ಒಂದೊಂದು ರೂಪಾಯಿಯ ಐದು ನಾಣ್ಯಗಳೇ ಜಾಸ್ತಿ ಎಂದು ಹಟ ಮಾಡುತ್ತಾನೆ. ಇಷ್ಟು ಚಿಕ್ಕವನಿಗೆ ಉಳಿತಾಯ ಕಲಿಸುವುದು ಬೇಗವಾಯಿತೇ?
(ಗೃಹಿಣಿ, ದಾವಣಗೆರೆ)

ಉ: ಉಳಿತಾಯಕ್ಕೆ ಬೇಗ, ದುಡ್ಡಿನ ಪರಿಚಯಕ್ಕೆ ಸರಿಯಾದ ಹೊತ್ತು. ಆ ವಯಸ್ಸಿಗೆ ಕಣ್ಣಿಗೆ ಕಾಣುವುದು ಎಷ್ಟು ನಾಣ್ಯ ಎಂಬ ಎಣಿಕೆ ಮಾತ್ರ. ಅದಕ್ಕೆ ಬೈದು ಪ್ರಯೋಜನವಿಲ್ಲ. ಒಂದು ರೂಪಾಯಿಯ ಹತ್ತು, ಎರಡರ ಐದು, ಐದರ ಎರಡು, ಹತ್ತರ ಒಂದು ನಾಣ್ಯ ಚಾಪೆಯ ಮೇಲೆ ಹರಡಿ. ‘ಈ ಹತ್ತರ ನಾಣ್ಯ ಬೇಕಾದರೆ ಎಷ್ಟು ಕೊಡ್ತೀಯಾ?’ ಎಂದು ಅಂಗಡಿ ಆಟ ಆಡಿ. ಬದಲಾಯಿಸಿ ಬದಲಾಯಿಸಿ ಆಡಿದರೆ ಕೆಲವೇ ದಿನದಲ್ಲಿ ತಲೆಗೆ ಹೋಗುತ್ತದೆ. ಒಂದು ಮತ್ತು ಎರಡು ರೂಪಾಯಿಯ ಹಳೆಯ ಸ್ಟೀಲ್ ನಾಣ್ಯಗಳು ದೊಡ್ಡವರಿಗೇ ಗೊಂದಲ ಹುಟ್ಟಿಸುತ್ತವೆ, ಆದ್ದರಿಂದ ಗಾತ್ರ ನೋಡಿ ಹೇಳುವುದನ್ನು ಬಿಡಿಸಿ, ಅಂಕಿ ಓದಿ ಹೇಳಲು ಅಭ್ಯಾಸ ಮಾಡಿಸಿ. ಇಪ್ಪತ್ತರ ನಾಣ್ಯಕ್ಕೆ ಹನ್ನೆರಡು ಮೂಲೆ. ಅದನ್ನು ಬೆರಳಲ್ಲೇ ಗುರುತಿಸುತ್ತಾರೆ.

ಆಮೇಲೆ ಅಂಗಡಿಗೆ ಕಳಿಸಿ. ಬೆಳಗ್ಗೆ ಹಾಲು ತರುವ ಹೊತ್ತು, ಸಂಜೆ ಏಳರ ಹೊತ್ತು ಬೇಡ. ನೂಕುನುಗ್ಗಲಲ್ಲಿ ಮಗು ಚಿಲ್ಲರೆ ಎಣಿಸುವುದಿಲ್ಲ. 20ರ ನೋಟು ಕೊಟ್ಟು 12 ರೂಪಾಯಿಯ ಸಾಮಾನು ತರಿಸಿ. ಹಿಂದೆ ಬರಬೇಕಾದದ್ದನ್ನು ಕಳೆದು ನೋಡುವ ಲೆಕ್ಕ ಆ ವಯಸ್ಸಿಗೆ ಕಷ್ಟ. ಹಳೆಯ ಅಂಗಡಿಯವರು ಮಾಡುವಂತೆ ಬೆಲೆಯಿಂದ ಮೇಲಕ್ಕೆ ಎಣಿಸಲಿ: ‘ಹನ್ನೆರಡಾಯ್ತು’ ಎನ್ನುತ್ತಾ ಒಂದರ ನಾಣ್ಯ ಇಟ್ಟರೆ ಹದಿಮೂರು, ಎರಡರದು ಇಟ್ಟರೆ ಹದಿನೈದು, ಐದರದು ಇಟ್ಟರೆ ಇಪ್ಪತ್ತು. ಚಿಲ್ಲರೆ ಬದಲು ಚಾಕೊಲೇಟು ಕೊಟ್ಟರೆ ‘ಬೇಡ ಅಂಕಲ್, ಚಿಲ್ಲರೆ ಕೊಡಿ’ ಎನ್ನುವುದನ್ನೂ ಕಲಿಸಿ. ಹತ್ತರ ನಾಣ್ಯ ಓಡುವುದಿಲ್ಲ ಎನ್ನುವವರು ಇನ್ನೂ ಇದ್ದಾರೆ. ಎಲ್ಲ ವಿನ್ಯಾಸದ ಹತ್ತರ ನಾಣ್ಯಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕು ಮತ್ತೆ ಮತ್ತೆ ಹೇಳಿದೆ.

ಗೋಲಕ ಕೊಡುವುದಾದರೆ ಮಣ್ಣಿನದು ಬೇಡ. ಒಳಗೆ ಹೋದದ್ದು ಕಾಣದಿದ್ದರೆ ಆರು ವರ್ಷದ ಮಗುವಿಗೆ ಅದು ಕಳೆದುಹೋದ ದುಡ್ಡೇ. ಹಳೆಯ ಹಾರ್ಲಿಕ್ಸ್ ಬಾಟಲಿ ಸಾಕು. ಗುರಿ ಹದಿನೈದು ದಿನಕ್ಕಿಂತ ದೂರ ಇರಬಾರದು. ‘ದೊಡ್ಡವನಾದ ಮೇಲೆ ಸೈಕಲ್’ ಎಂಬುದು ಗುರಿಯಲ್ಲ. ‘ಮುಂದಿನ ಭಾನುವಾರ 30 ರೂಪಾಯಿಯ ಬಣ್ಣದ ಪೆನ್ಸಿಲ್’ ಎಂಬುದು ಗುರಿ.

ಪ್ರ: ಎಂಟನೇ ತರಗತಿಯ ಮಗಳಿಗೆ ತಿಂಗಳಿಗೆ 500 ರೂಪಾಯಿ ಕೊಟ್ಟು ನೋಡಿದೆವು. ಮೊದಲ ವಾರಕ್ಕೇ ಖಾಲಿ. ಉಳಿದ ಮೂರು ವಾರ ಕೇಳಿದಾಗಲೆಲ್ಲ ಕೊಟ್ಟಿದ್ದೇ ಆಯಿತು. ಎಷ್ಟು ಕೊಡಬೇಕು, ಹೇಗೆ ಕೊಡಬೇಕು?
(ತಂದೆ ತಾಯಿ, ಮೈಸೂರು)

ಉ: ನೀವು ಕೊಟ್ಟ ಮೊತ್ತದಲ್ಲಿ ದೋಷವಿಲ್ಲ. ತಿಂಗಳೆಂಬ ಅವಧಿ ಆ ವಯಸ್ಸಿಗೆ ಉದ್ದವಾಯಿತು. ಅದಕ್ಕಿಂತ ಹೆಚ್ಚಾಗಿ, ಮುಗಿದ ಮೇಲೆ ಮತ್ತೆ ಕೊಟ್ಟಿರಲ್ಲ, ಅಲ್ಲಿ ಇಡೀ ಏರ್ಪಾಟು ಬಿದ್ದುಹೋಯಿತು. ಕೇಳಿದಾಗ ಸಿಗುತ್ತದೆ ಎಂದಾದರೆ ಯಾರಾದರೂ ಯಾಕೆ ಎಣಿಸುತ್ತಾರೆ?

ಮೊದಲು ಮೊತ್ತ. ಪಕ್ಕದ ಮನೆಯ ಮಗುವಿಗೆ ಎಷ್ಟು ಕೊಡುತ್ತಾರೆ ಎಂದು ಕೇಳಬೇಡಿ. ಎರಡು ವಾರ ಸುಮ್ಮನೆ ಬರೆದಿಡಿ: ಅವಳಿಗಾಗಿ ನಿಮ್ಮ ಜೇಬಿನಿಂದ ಈಗಾಗಲೇ ಹೋಗುತ್ತಿರುವ ಚಿಲ್ಲರೆ ಖರ್ಚು ಎಷ್ಟು? ಅದರಲ್ಲಿ ಯಾವುದನ್ನು ಅವಳ ಜವಾಬ್ದಾರಿಗೆ ಬಿಡಬಹುದು? ಉದಾಹರಣೆಗೆ ಒಂದು ವಾರದ ಲೆಕ್ಕ: ಪೆನ್ನು, ರೀಫಿಲ್, ಚಾರ್ಟ್ ಪೇಪರಿಗೆ 20, ಜೆರಾಕ್ಸ್, ಪ್ರಿಂಟಿಗೆ 10, ವಾರದಲ್ಲಿ ಎರಡು ದಿನ ಬೇಕರಿ ತಿಂಡಿ, ದಿನಕ್ಕೆ 20ರಂತೆ 40, ಗೆಳತಿಯರ ಹುಟ್ಟುಹಬ್ಬಕ್ಕೆಂದು ಎತ್ತಿಡಲು 20, ಏನೆಂದು ನೀವು ಕೇಳಬಾರದ ಖರ್ಚಿಗೆ 30. ಒಟ್ಟು 120. ಶಾಲೆಗೆ ಸರ್ಕಾರಿ ಬಸ್ಸಾದರೆ 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದರ ಇಲ್ಲ. ಖಾಸಗಿ ಬಸ್ಸಾದರೆ ಅದನ್ನು ಬೇರೆಯೇ ಕೊಡಿ, ಇದರಲ್ಲಿ ಬೆರೆಸಬೇಡಿ. ಫೀಸು, ಪುಸ್ತಕ, ಯೂನಿಫಾರ್ಮ್, ಔಷಧ, ಊಟದ ಡಬ್ಬಿ ನಿಮ್ಮವೇ. ಈ ಗಡಿ ಬಾಯಿಮಾತಲ್ಲಿದ್ದರೆ ಪ್ರತಿ ವಾರ ವಾದ. ಒಂದು ಹಾಳೆಯಲ್ಲಿ ಬರೆದು ಅಲ್ಮೇರಾದ ಬಾಗಿಲ ಒಳಬದಿಗೆ ಅಂಟಿಸಿ.

ಕೊಡುವ ದಿನ ಸೋಮವಾರ ಇರಲಿ. ಶನಿವಾರ ಕೊಟ್ಟರೆ ಭಾನುವಾರ ಸಂಜೆಗೆ ಗೋಬಿ ಮಂಚೂರಿಯಾಗಿ ಮುಗಿದಿರುತ್ತದೆ, ಸೋಮವಾರ ಪೆನ್ನಿಗೆ ದುಡ್ಡಿಲ್ಲ. 120 ಕೊಡುವಾಗ ನೂರರ ನೋಟು ಬೇಡ. ಐವತ್ತರದು ಒಂದು, ಇಪ್ಪತ್ತರದು ಒಂದು, ಹತ್ತರವು ಐದು. ಬಿಡಿಸಿ ಕೊಟ್ಟದ್ದನ್ನು ಬೇರೆ ಬೇರೆ ಎತ್ತಿಡಲು ಸುಲಭ. ನೀವೂ ದಿನ ತಪ್ಪಿಸಬೇಡಿ. ‘ಚಿಲ್ಲರೆ ಇಲ್ಲ, ನಾಳೆ ಕೊಡ್ತೀನಿ’ ಎಂದು ಎರಡು ಸಲ ಹೇಳಿದರೆ ಅವಳೂ ಸಾಲದ ಮಾತು ಕಲಿಯುತ್ತಾಳೆ.

ಗುರುವಾರ ಖಾಲಿಯಾದರೆ? ಸೋಮವಾರದ ತನಕ ಇಲ್ಲ. ಹಸಿವೆಯಿಂದ ಇರುವುದಿಲ್ಲ, ಡಬ್ಬಿ ಇದ್ದೇ ಇದೆ. ಪೆನ್ನಿನ ಶಾಯಿ ಮುಗಿದಿದ್ದರೆ ಮನೆಯ ಹಳೆಯ ಪೆನ್ನಿನಲ್ಲಿ ಬರೆಯಲಿ. ಈ ಮೂರು ದಿನ ಕೈಕಟ್ಟಿ ಕೂರುವುದು ಹೆತ್ತವರಿಗೆ ಕಷ್ಟ, ನಿಜ. ತೀರಾ ಬೇಕಾದಾಗ ತಿಂಗಳಿಗೊಮ್ಮೆ ಮುಂಗಡ ಕೊಡಬಹುದು: ಹೆಚ್ಚೆಂದರೆ 40 ರೂಪಾಯಿ, ಬರೆದು ಸಹಿ ಹಾಕಿ, ಮುಂದಿನ ಎರಡು ಸೋಮವಾರ 20ರಂತೆ ಹಿಡಿದುಕೊಳ್ಳಿ. ಎರಡನೇ ಮುಂಗಡ ಇಲ್ಲ.

ಲೆಕ್ಕ ಬರೆಯಲು ಸಣ್ಣ ಪುಸ್ತಕ, ಮೂರೇ ಕಾಲಂ: ಬಂದದ್ದು, ಹೋದದ್ದು, ಕೈಯಲ್ಲಿರುವುದು. ಒಂದು ವಾರದ ಪುಟ ಹೀಗಿರುತ್ತದೆ: ಸೋಮವಾರ ಬಂದದ್ದು 120, ಮಂಗಳವಾರ ಪಫ್ಸ್ 20, ಉಳಿದದ್ದು 100, ಬುಧವಾರ ಚಾರ್ಟ್ ಪೇಪರ್ 10, ಉಳಿದದ್ದು 90, ಶುಕ್ರವಾರ ಕ್ಲಿಪ್ಪು 35, ಉಳಿದದ್ದು 55. ಭಾನುವಾರ ಪರ್ಸು ತೆಗೆದು ಎಣಿಸಿದರೆ 48 ಮಾತ್ರ. ಆ 7 ರೂಪಾಯಿಗೆ ಕಥೆ ಕಟ್ಟಿಸಬೇಡಿ. ‘ಲೆಕ್ಕ ಸಿಗದದ್ದು 7’ ಎಂದು ಬರೆದು ಮುಂದೆ ಹೋಗಲಿ. ಇಲ್ಲಿ ವಿಚಾರಣೆ ಶುರುವಾದರೆ ಮುಂದಿನ ವಾರ ಪುಟ ಸರಿಯಾಗಿಯೇ ಇರುತ್ತದೆ, ಆದರೆ ಸುಳ್ಳಾಗಿರುತ್ತದೆ. 35ರ ಕ್ಲಿಪ್ಪಿನ ಬಗ್ಗೆಯೂ ಮಾತು ಬೇಡ. ಅದು ಅವಳ 30ರಿಂದ ಹೋಗಿದೆ, ಉಳಿದ ಐದು ಎಲ್ಲಿಂದ ತಂದಳೋ ಅದನ್ನು ಅವಳೇ ಹೊಂದಿಸಿಕೊಳ್ಳುತ್ತಾಳೆ.

ಅಂಕ ಕಡಿಮೆ ಬಂತು, ತಮ್ಮನನ್ನು ಹೊಡೆದಳು ಎಂದು ಈ ದುಡ್ಡು ನಿಲ್ಲಿಸಬೇಡಿ. ಶಿಕ್ಷೆಗೆ ಬೇರೆ ದಾರಿ ನೋಡಿ. ಬರುವುದೇ ಖಾತ್ರಿ ಇಲ್ಲದ ದುಡ್ಡಿಗೆ ಯಾರೂ ಯೋಜನೆ ಹಾಕುವುದಿಲ್ಲ; ಬಂದ ದಿನವೇ ಖರ್ಚು ಮಾಡುತ್ತಾರೆ. ವಾರದ್ದು ಆರು ತಿಂಗಳು ಸಲೀಸಾಗಿ ನಡೆದರೆ ಹದಿನೈದು ದಿನಕ್ಕೊಮ್ಮೆ ಕೊಡಿ, ಹತ್ತನೇ ತರಗತಿಗೆ ಬಂದಾಗ ತಿಂಗಳಿಗೆ.

ಪ್ರ: ಮನೆಗೆಲಸಕ್ಕೆ ಮಕ್ಕಳಿಗೆ ದುಡ್ಡು ಕೊಡಬಹುದೇ?
(ಶಿಕ್ಷಕಿ, ತುಮಕೂರು)

ಉ: ತಟ್ಟೆ ತೊಳೆಯುವುದು, ಹಾಸಿಗೆ ಮಡಚುವುದು, ನೀರು ತುಂಬುವುದಕ್ಕೆ ಬೇಡ. ಅವು ಮನೆಯಲ್ಲಿರುವ ಎಲ್ಲರ ಕೆಲಸ. ಬೆಲೆ ಕಟ್ಟಿದ ದಿನವೇ ‘ನನಗೆ ಇವತ್ತು ದುಡ್ಡು ಬೇಡ, ಮಾಡಲ್ಲ’ ಎಂಬ ಉತ್ತರಕ್ಕೂ ಜಾಗ ಕೊಟ್ಟಂತೆ. ಹೊರಗಿನವರಿಗೆ ಕೊಟ್ಟು ಮಾಡಿಸುವ ಕೆಲಸವಾದರೆ, ಸ್ಕೂಟರ್ ತೊಳೆಯುವುದು, ಅಟ್ಟ ಕ್ಲೀನ್ ಮಾಡುವುದು, ಅದಕ್ಕೆ ಕೊಡಬಹುದು. ನಮ್ಮ ಮೆಚ್ಚಿನದು ರದ್ದಿ. ಹಳೆಯ ಪೇಪರು, ಬಾಟಲಿ, ರಟ್ಟು ಬೇರ್ಪಡಿಸಿ ಕಟ್ಟು ಕಟ್ಟಲಿ. ಮನೆಯ ತೂಗುವ ಕೊಕ್ಕೆಯಲ್ಲಿ ಮೊದಲೇ ತೂಗಿ ಬರೆದುಕೊಳ್ಳಲಿ. ಎರಡು ಅಂಗಡಿಯಲ್ಲಿ ಕೆಜಿಗೆ ಎಷ್ಟೆಂದು ಕೇಳಿ, ತೂಕವನ್ನೂ ಹೋಲಿಸಿ ಮಾರಲಿ. ಬಂದದ್ದರಲ್ಲಿ ಅರ್ಧ ಅವರದು. ದರ ಕೇಳುವುದು, ತಕ್ಕಡಿ ನೋಡುವುದು, ಚೌಕಾಸಿ, ಎಲ್ಲ ಒಂದೇ ಕೆಲಸದಲ್ಲಿ ಆಗುತ್ತದೆ.

ಪ್ರ: ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ. ಏಳು, ಹತ್ತು ವರ್ಷದ ಇಬ್ಬರು ಗಂಡುಮಕ್ಕಳು ಕಂಡದ್ದೆಲ್ಲ ಬೇಕೆಂದು ಅಳುತ್ತಾರೆ. ಅವರನ್ನು ಹೇಗೆ ನಿಭಾಯಿಸುವುದು?
(ಅಂಗಡಿ ಮಾಲೀಕರು, ಶಿರಸಿ)

ಉ: ಮನೆ ಬಿಡುವ ಮೊದಲೇ ದುಡ್ಡು ಅವರ ಕೈಗೆ ಕೊಡಿ, ಜಾತ್ರೆ ಪೇಟೆಯೊಳಗೆ ಅಲ್ಲ. ದೊಡ್ಡವನಿಗೆ 200, ಚಿಕ್ಕವನಿಗೆ 120, ನಿಮಗೆ ಸಾಧ್ಯವಾದದ್ದು. ತಿಂಡಿ, ದೇವರ ಹಣ್ಣುಕಾಯಿ ನಿಮ್ಮ ಲೆಕ್ಕದಲ್ಲಿ. ತೊಟ್ಟಿಲು, ಆಟಿಕೆ ಅವರ ಲೆಕ್ಕದಲ್ಲಿ. ಮೊದಲ ಸುತ್ತು ಬರೀ ನೋಡುವುದಕ್ಕೆ. ಒಂದೇ ಆಟಿಕೆ ಎರಡು ಮೂರು ಅಂಗಡಿಯಲ್ಲಿ ಬೇರೆ ಬೇರೆ ಬೆಲೆಗೆ ಇರುವುದು ಅವರಿಗೇ ಕಾಣಲಿ. ಎರಡನೇ ಸುತ್ತಿನಲ್ಲಿ ಕೊಳ್ಳಲಿ. ಮೊದಲ ಸುತ್ತಿನಲ್ಲಿ ಪ್ರಾಣ ಹೋಗುವಷ್ಟು ಬೇಕಾಗಿದ್ದದ್ದು ಎರಡನೇ ಸುತ್ತಿಗೆ ಮರೆತೇ ಹೋಗಿರುತ್ತದೆ. ಉಳಿದದ್ದು ಅವರದೇ ಎಂದು ಮೊದಲೇ ಹೇಳಿರಿ, ಮನೆಗೆ ಬಂದ ಮೇಲೆ ವಾಪಸ್ ಕೇಳಬೇಡಿ. ಹತ್ತು ನಿಮಿಷಕ್ಕೆ ಮುರಿಯುವ ಪ್ಲಾಸ್ಟಿಕ್ ಬಂದೂಕು ಕೊಂಡರೆ ಕೊಳ್ಳಲಿ ಬಿಡಿ. ಆದರೆ ಅದು ಮುರಿದಾಗ ಇನ್ನೊಂದು ಕೊಡಿಸಿದಿರೋ, ಈ ಇಡೀ ಏರ್ಪಾಟು ವ್ಯರ್ಥ.

ಪ್ರ: ಒಂಬತ್ತನೇ ತರಗತಿಯ ಮಗ ನಮ್ಮ ಮೊಬೈಲಿನಿಂದ ಆನ್‌ಲೈನ್ ಆಟದೊಳಗೆ ‘ಡೈಮಂಡ್’ ಕೊಂಡು ಒಂದು ತಿಂಗಳಲ್ಲಿ 3,400 ರೂಪಾಯಿ ಕಳೆದಿದ್ದಾನೆ. ಪಿನ್ ನೋಡಿಕೊಂಡಿದ್ದನಂತೆ. ಈಗೇನು ಮಾಡುವುದು?
(ತಂದೆ, ಬೆಂಗಳೂರು)

ಉ: ಮೊದಲು ಫೋನು, ಆಮೇಲೆ ಮಗ.

ಯುಪಿಐ ಪಿನ್ ಇವತ್ತೇ ಬದಲಾಯಿಸಿ. ಫೋನಿನ ಲಾಕ್ ನಂಬರನ್ನೇ ಪಿನ್ನಿಗೂ ಇಟ್ಟಿದ್ದರೆ ಎರಡನ್ನೂ ಬೇರೆ ಮಾಡಿ. ಯುಪಿಐ ಲೈಟ್ ಚಾಲೂ ಇದೆಯೇ ನೋಡಿ. ಬಹಳ ಮಂದಿ ತಪ್ಪುವುದು ಇಲ್ಲೇ: ಲೈಟಿನಲ್ಲಿ ಒಂದು ಸಲಕ್ಕೆ 1,000 ರೂಪಾಯಿ ತನಕ ಪಿನ್ ಇಲ್ಲದೆಯೇ ಹೋಗುತ್ತದೆ, ಅದರಲ್ಲಿ 5,000 ತನಕ ತುಂಬಿಡಬಹುದು. ಮಕ್ಕಳು ಮುಟ್ಟುವ ಫೋನಿನಲ್ಲಿ ಅದನ್ನು ಮುಚ್ಚಿ. ಉಳಿದದ್ದು ಖಾತೆಗೆ ವಾಪಸ್ ಬರುತ್ತದೆ. ಆ್ಯಪಿನಲ್ಲಿ ಆಟೋಪೇ ಪಟ್ಟಿ ತೆರೆದು, ಗೊತ್ತಿಲ್ಲದ ತಿಂಗಳ ಕಂತು ಏನಿದ್ದರೂ ರದ್ದು ಮಾಡಿ. ಪ್ಲೇ ಸ್ಟೋರಿನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವಂತೆ ಇಡಿ. ಮಗನ ಬೆರಳಚ್ಚು ಆ ಫೋನಿನಲ್ಲಿ ಸೇರಿಲ್ಲ ಎಂಬುದನ್ನೂ ನೋಡಿಕೊಳ್ಳಿ. ತೀರಾ ಇತ್ತೀಚಿನ ಖರೀದಿಯಾದರೆ 48 ಗಂಟೆಯೊಳಗೆ ಗೂಗಲ್ ಪ್ಲೇಯಲ್ಲೇ ಮರುಪಾವತಿ ಕೇಳಬಹುದು. ದುಡ್ಡು ಯಾರೋ ಮೋಸದಿಂದ ಎಳೆದಿದ್ದರೆ ಅದು ಬೇರೆ ವಿಷಯ. ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇದು ಯಾವ ಬಗೆಯ ಆಟ ಎಂಬುದೂ ಮುಖ್ಯ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಬಂದ ಕೇಂದ್ರದ ಕಾಯ್ದೆ ನಿಷೇಧಿಸಿದೆ. ಆಟದೊಳಗೆ ಡೈಮಂಡ್, ಬಟ್ಟೆ, ಬಂದೂಕು ಕೊಳ್ಳುವುದಕ್ಕೆ ಆ ನಿಷೇಧ ಇಲ್ಲ. ಆದ್ದರಿಂದ ಕಾನೂನು ನೋಡಿಕೊಳ್ಳುತ್ತದೆ ಎಂದು ಕೂರುವ ಹಾಗಿಲ್ಲ.

ಇನ್ನು ಮಗ. ರೂಪಾಯಿಯನ್ನು ಡೈಮಂಡ್ ಮಾಡಿಬಿಟ್ಟರೆ ಖರ್ಚಿನ ಅಳತೆ ಕೈತಪ್ಪುತ್ತದೆ, ಆಟ ಮಾಡುವವರಿಗೂ ಬೇಕಾದದ್ದು ಅದೇ. ಖರೀದಿಯ ಇತಿಹಾಸ ತೆರೆದು, ಪ್ರತಿ ಖರೀದಿಯನ್ನು ತಾರೀಕಿನ ಜೊತೆ ಅವನ ಕೈಯಲ್ಲೇ ಹಾಳೆಗೆ ಬರೆಸಿ, ಕೂಡಿಸಲು ಹೇಳಿ. 80, 160, 80, 400 ಎಂದು ಬರೆಯುತ್ತಾ ಹೋದವನಿಗೆ 3,400 ಎಲ್ಲಿಂದ ಬಂತು ಎಂಬುದು ಆಗ ತಿಳಿಯುತ್ತದೆ. ಪೂರ್ತಿ ವಸೂಲಿ ಮಾಡಲು ಹೋಗಬೇಡಿ. ವಾರಕ್ಕೆ 150 ಕೊಡುವವರಾದರೆ 40 ಹಿಡಿದು 110 ಕೊಡಿ, ಹತ್ತು ವಾರ. 400 ಆಗುತ್ತದೆ. ಉಳಿದ 3,000 ಪಿನ್ ತೆರೆದಿಟ್ಟ ನಿಮ್ಮ ಪಾಲಿನದು. ಒಂದು ವರ್ಷ ಏನೂ ಕೊಡುವುದಿಲ್ಲ ಎಂದರೆ ಅವನು ಬೇರೆ ಯಾರದೋ ಫೋನು ಹುಡುಕುತ್ತಾನೆ.

ಪಿಯುಸಿ ತನಕ ಕೈಖರ್ಚು ನಗದಾಗಿಯೇ ಇರಲಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ನೋಟು ಮುಗಿದದ್ದು ಪರ್ಸಿನಲ್ಲೇ ಕಾಣುತ್ತದೆ, ಸ್ಕ್ಯಾನ್ ಮಾಡಿದ್ದು ಕಾಣುವುದಿಲ್ಲ. ಟ್ಯೂಷನ್, ಬಸ್ಸು ಎಂದು ಅವನ ಬಳಿಯೇ ಮೊಬೈಲ್ ಇದ್ದು ಯುಪಿಐ ಬೇಕೇ ಬೇಕು ಎಂದಾದರೆ ಯುಪಿಐ ಸರ್ಕಲ್ ಇದೆ, ಅವನ ಫೋನಿನಿಂದ ನಿಮ್ಮ ಖಾತೆಯ ದುಡ್ಡು ಕೊಡುವ ಏರ್ಪಾಟು. ಅದರಲ್ಲಿ ಎರಡು ಬಗೆ. ಒಂದರಲ್ಲಿ ಅವನು ಸ್ಕ್ಯಾನ್ ಮಾಡಿದ ಪ್ರತಿ ಸಲವೂ ನಿಮ್ಮ ಫೋನಿಗೆ ಕೋರಿಕೆ ಬಂದು, ನೀವು ಪಿನ್ ಹಾಕಿದರೆ ಮಾತ್ರ ದುಡ್ಡು ಹೋಗುತ್ತದೆ. ಇನ್ನೊಂದರಲ್ಲಿ ತಿಂಗಳ ಮಿತಿ ಹಾಕಿಕೊಟ್ಟರೆ ಅಲ್ಲಿಯ ತನಕ ನಿಮ್ಮನ್ನು ಕೇಳುವುದಿಲ್ಲ; ಆ ಮಿತಿ ಹೆಚ್ಚೆಂದರೆ 15,000, ನೀವು 500 ಇಡಿ. ಶುರುವಿಗೆ ಮೊದಲನೆಯದೇ ಸರಿ. ಜೊತೆಗೆ ಒಂದು ಮಾತು ಬಾಯಿಪಾಠ ಮಾಡಿಸಿ: ಪಿನ್ ಹಾಕುವುದು ದುಡ್ಡು ಕಳಿಸಲು, ಪಡೆಯಲು ಅಲ್ಲ. ‘ದುಡ್ಡು ಬರಬೇಕಾದರೆ ಪಿನ್ ಹಾಕಿ’ ಎಂದವನು ಕಳ್ಳ.

ಪ್ರ: ಮಗಳಿಗೆ 11 ವರ್ಷ. ಹಬ್ಬ, ಮದುವೆ, ಮುಂಜಿಗಳಲ್ಲಿ ನೆಂಟರು ಕೊಟ್ಟದ್ದು 6,800 ರೂಪಾಯಿ ಸೇರಿದೆ. ಬ್ಯಾಂಕೋ, ಪೋಸ್ಟಾಫೀಸೋ, ನಮ್ಮ ಓಣಿಗೆ ಬರುವ ಸೊಸೈಟಿ ಪಿಗ್ಮಿಯೋ?
(ತಾಯಿ, ಹುಬ್ಬಳ್ಳಿ)

ಉ: ಹತ್ತು ವರ್ಷ ತುಂಬಿದ ಮಕ್ಕಳು ತಮ್ಮ ಹೆಸರಿನಲ್ಲೇ ಉಳಿತಾಯ ಖಾತೆ ತೆರೆದು ತಾವೇ ನಡೆಸಬಹುದು. 2025ರ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕು ಇದನ್ನು ಮತ್ತೆ ಸ್ಪಷ್ಟಪಡಿಸಿತು. ಎಷ್ಟು ಮೊತ್ತದ ತನಕ, ಎಟಿಎಂ ಕಾರ್ಡ್ ಕೊಡಬೇಕೋ ಬೇಡವೋ ಎಂಬುದನ್ನು ಆಯಾ ಬ್ಯಾಂಕಿಗೆ ಬಿಟ್ಟಿದೆ. ಹತ್ತಕ್ಕಿಂತ ಚಿಕ್ಕವರಾದರೆ ತಂದೆ ಅಥವಾ ತಾಯಿ ಪೋಷಕರಾಗಿ ತೆರೆಯಬೇಕು. ಮಗುವಿನ ಆಧಾರ್, ಜನನ ಪ್ರಮಾಣಪತ್ರ, ಫೋಟೋ, ನಿಮ್ಮ ಆಧಾರ್ ಮತ್ತು ಪ್ಯಾನ್ ಒಯ್ಯಿರಿ. ಎರಡು ತೊಡಕು ಬರುತ್ತವೆ. ಒಂದು, ಆಧಾರಿನಲ್ಲಿ ಹೆಸರು ಒಂದು ಬಗೆ, ಜನನ ಪತ್ರದಲ್ಲಿ ಇನ್ನೊಂದು ಬಗೆ ಇರುವುದು; ಇನಿಷಿಯಲ್ ಹಿಂದೆ ಮುಂದೆ ಆದರೂ ವಾಪಸ್ ಕಳಿಸುತ್ತಾರೆ. ಎರಡು, ಸಹಿ. ಹನ್ನೊಂದರ ಮಗು ಪ್ರತಿ ಸಲ ಬೇರೆ ಸಹಿ ಹಾಕುತ್ತದೆ. ಹೋಗುವ ಮುಂಚೆ ಒಂದೇ ತೆರನಾಗಿ ಬರುವ ತನಕ ಹಾಳೆಯಲ್ಲಿ ಅಭ್ಯಾಸ ಮಾಡಿಸಿ. 18 ತುಂಬಿದಾಗ ಹೊಸ ಸಹಿ, ಹೊಸ ಕೆವೈಸಿ (ಗುರುತು, ವಿಳಾಸದ ದಾಖಲೆ) ಕೊಡಬೇಕಾಗುತ್ತದೆ, ಅದನ್ನು ಮರೆತರೆ ವ್ಯವಹಾರ ನಿಲ್ಲುತ್ತದೆ.

ಕಲಿಯಲು ಪೋಸ್ಟಾಫೀಸು ಒಳ್ಳೆಯದು, ಕಾರಣ ಪಾಸ್‌ಬುಕ್ಕು. ಉಳಿತಾಯ ಖಾತೆಗೆ ಕನಿಷ್ಠ 500 ರೂಪಾಯಿ, ಬಡ್ಡಿ ಶೇ. 4. ಒಂದು ಸೂಕ್ಷ್ಮ: ತಿಂಗಳ 10ರಿಂದ ಕೊನೆಯ ದಿನದ ತನಕ ಇದ್ದ ಕನಿಷ್ಠ ಮೊತ್ತಕ್ಕೆ ಮಾತ್ರ ಆ ತಿಂಗಳ ಬಡ್ಡಿ. 11ಕ್ಕೆ ಕಟ್ಟಿದ ದುಡ್ಡಿಗೆ ಆ ತಿಂಗಳು ಏನೂ ಇಲ್ಲ, 25ಕ್ಕೆ ತೆಗೆದದ್ದಕ್ಕೂ ಇಲ್ಲ. ಮಗಳು ಇದನ್ನು ಪಾಸ್‌ಬುಕ್ಕಿನಲ್ಲಿ ತಾನೇ ಪತ್ತೆಹಚ್ಚಲಿ.

6,800ಕ್ಕೆ ಒಂದು ಹಂಚಿಕೆ: 300 ಅವಳ ಕೈಗೆ, ಇಷ್ಟಪಟ್ಟದ್ದು ಕೊಳ್ಳಲು. 1,500 ಉಳಿತಾಯ ಖಾತೆಗೆ. 5,000 ಒಂದು ವರ್ಷದ ಅವಧಿ ಠೇವಣಿಗೆ. 2023ರ ಜುಲೈಯಿಂದ ಇರುವ ಶೇ. 6.9ರ ದರದಲ್ಲಿ ವರ್ಷಕ್ಕೆ 354 ರೂಪಾಯಿ ಬಡ್ಡಿ. ಅದೇ 5,000 ಉಳಿತಾಯ ಖಾತೆಯಲ್ಲಿದ್ದರೆ 200. ಈ 154ರ ವ್ಯತ್ಯಾಸ ಹನ್ನೊಂದು ವರ್ಷದ ಮಗುವಿಗೆ ಚೆನ್ನಾಗಿಯೇ ಅರ್ಥವಾಗುತ್ತದೆ. ಕೈಖರ್ಚಿನಲ್ಲಿ ಉಳಿಸುವ ರೂಢಿ ಬಂದ ಮೇಲೆ ತಿಂಗಳಿಗೆ 100ರ ಕಂತಿನ ಠೇವಣಿ, ಅಂದರೆ ಆರ್‌ಡಿ ತೆರೆಯಬಹುದು. ಐದು ವರ್ಷ, ಅರವತ್ತು ಕಂತು, ಶೇ. 6.7ರಲ್ಲಿ 6,000 ಕಟ್ಟಿದ್ದಕ್ಕೆ ಸುಮಾರು 7,136 ಬರುತ್ತದೆ. ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ಆ ದಂಡ ಅವಳ ಕೈಯಿಂದಲೇ ಹೋಗಲಿ, ಆದರೆ ನಾಲ್ಕು ಕಂತು ತಪ್ಪಿದರೆ ಖಾತೆ ನಿಂತುಹೋಗುತ್ತದೆ, ಅಲ್ಲಿಗೆ ಬಿಡಬೇಡಿ. ಸಣ್ಣ ಉಳಿತಾಯದ ದರಗಳನ್ನು ಕೇಂದ್ರ ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ. ಕೌಂಟರಿನಲ್ಲಿ ಆ ದಿನದ ದರ ಕೇಳಿಯೇ ಫಾರಂ ತುಂಬಿ. ಅಂದ ಹಾಗೆ, ಮಗುವಿನ ಹೆಸರಿನ ಬಡ್ಡಿ ತಂದೆ ತಾಯಿಯಲ್ಲಿ ಹೆಚ್ಚು ಆದಾಯ ಇರುವವರ ಆದಾಯಕ್ಕೆ ಸೇರುತ್ತದೆ, ಐಟಿ ರಿಟರ್ನ್ ಸಲ್ಲಿಸುವವರು ಗಮನಿಸಿ.

ಪಿಗ್ಮಿ ನಮ್ಮ ಉಡುಪಿಯಲ್ಲೇ ಹುಟ್ಟಿದ್ದು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಮನೆಮನೆಗೆ ಏಜೆಂಟರನ್ನು ಕಳಿಸಿ ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸತೊಡಗಿತು. ದಿನವೂ ಕಟ್ಟುವ ಶಿಸ್ತಿಗೆ ಈಗಲೂ ಅದಕ್ಕೆ ಸಾಟಿಯಿಲ್ಲ. ಆದರೆ ಯಾರ ಪಿಗ್ಮಿ ಎಂದು ನೋಡಿ. ಸಹಕಾರಿ ಬ್ಯಾಂಕೂ ಸೇರಿ ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಬ್ಯಾಂಕುಗಳಲ್ಲಿ ಒಬ್ಬರಿಗೆ 5 ಲಕ್ಷದ ತನಕ ಠೇವಣಿ ವಿಮೆ ಇದೆ. ಪತ್ತಿನ ಸಹಕಾರ ಸಂಘ, ಸೊಸೈಟಿಗಳಿಗೆ ಆ ವಿಮೆ ಇಲ್ಲ. ಮಗುವಿನ ಮೊದಲ ಉಳಿತಾಯವನ್ನು ಅಲ್ಲಿಡಲು ನಾವು ಹೇಳುವುದಿಲ್ಲ.

ಪ್ರ: ಮಗಳ ಗೋಲಕದ ದುಡ್ಡನ್ನೂ ಅವಳ ಸುಕನ್ಯಾ ಸಮೃದ್ಧಿ ಖಾತೆಗೇ ಹಾಕುತ್ತಿದ್ದೇವೆ. ಸರಿಯೇ?
(ತಂದೆ, ಹಾಸನ)

ಉ: ಸುಕನ್ಯಾ ಹೆಣ್ಣುಮಗುವಿನ ಹೆಸರಿನಲ್ಲಿ ಹೆತ್ತವರು ಕಟ್ಟುವ ಸರ್ಕಾರಿ ಯೋಜನೆ; ಅದು ನಿಮ್ಮ ಉಳಿತಾಯ, ಅವಳದಲ್ಲ. ಅವಳಿಗೆ 18 ತುಂಬುವ ಅಥವಾ ಹತ್ತನೇ ತರಗತಿ ಪಾಸಾಗುವ ತನಕ ಅದರಿಂದ ಓದಿಗೂ ತೆಗೆಯಲು ಬರುವುದಿಲ್ಲ, ಆಮೇಲೂ ಅರ್ಧ ಮಾತ್ರ. ಗೋಲಕ ಒಡೆದ ದುಡ್ಡು ಅಲ್ಲಿಗೆ ಹೋದರೆ ‘ಉಳಿಸಿದರೆ ದುಡ್ಡು ಮಾಯವಾಗುತ್ತದೆ’ ಎಂಬುದೇ ಅವಳು ಕಲಿಯುವ ಪಾಠ. ಸುಕನ್ಯಾಕ್ಕೆ ವರ್ಷಕ್ಕೆ 250ರಿಂದ 1.5 ಲಕ್ಷದ ತನಕ ನಿಮ್ಮ ದುಡ್ಡಿನಿಂದ ಕಟ್ಟಿ, ಸಾಧ್ಯವಾದರೆ ತಿಂಗಳ 5ರೊಳಗೆ. ಅಲ್ಲಿ ಬಡ್ಡಿಗೆ ಲೆಕ್ಕ 5ರ ನಂತರದ ಕನಿಷ್ಠ ಮೊತ್ತ. ಗೋಲಕದ್ದು ಅವಳ ಬಳಿಯೇ ಇರಲಿ.

ಪ್ರ: ನಮ್ಮ ಮಾವನವರು ಊರಿಂದ ಬಂದಾಗಲೆಲ್ಲ ಮೊಮ್ಮಗನ ಕೈಗೆ 500ರ ನೋಟು ಕೊಡುತ್ತಾರೆ. ಬೇಡ ಎಂದರೆ ಬೇಸರ. ಮಗ ವಾರದ 80 ರೂಪಾಯಿಗೆ ಬೆಲೆಯೇ ಕೊಡುವುದಿಲ್ಲ.
(ಸೊಸೆ, ವಿಜಯಪುರ)

ಉ: ಹಿರಿಯರನ್ನು ತಡೆಯಬೇಡಿ, ಸೋಲುವುದು ನೀವೇ. ‘ಮಾವಾರ, ಮೊಮ್ಮಗನ ಪಾಸ್‌ಬುಕ್ ನೀವೇ ನೋಡ್ರಿ, ನೀವೇ ಕರಕೊಂಡು ಹೋಗಿ ತುಂಬಿಸ್ರಿ’ ಎಂದು ಕೆಲಸವನ್ನೇ ಅವರಿಗೆ ಒಪ್ಪಿಸಿ. ಐದುನೂರರಲ್ಲಿ 50 ಹುಡುಗನ ಕೈಗೆ, 450 ಅಜ್ಜ ಮೊಮ್ಮಗ ಇಬ್ಬರೂ ಹೋಗಿ ಖಾತೆಗೆ. ಅಜ್ಜನ ಮಾತಿಗೆ ಹುಡುಗ ಎದುರಾಡುವುದಿಲ್ಲ.

ಇದಕ್ಕೆ ಅಂಟಿಕೊಂಡ ಇನ್ನೊಂದು ವಿಷಯ, ಯಾರೂ ಕೇಳದಿದ್ದರೂ ಹೇಳಬೇಕು. ‘ನಾನು ಜೋಪಾನ ಮಾಡ್ತೀನಿ ಕೊಡು’ ಎಂದು ಮಕ್ಕಳಿಂದ ತೆಗೆದುಕೊಂಡ ಹಬ್ಬದ ದುಡ್ಡು ಎಷ್ಟೋ ಮನೆಗಳಲ್ಲಿ ಗ್ಯಾಸ್ ಸಿಲಿಂಡರಿಗೆ ಹೋಗುತ್ತದೆ. ಮನೆಯ ಅಡಚಣೆಗೆ ಬಳಸುವುದು ತಪ್ಪಲ್ಲ, ಕೇಳಿ ಬಳಸಿ. ಮಗುವಿನ ಲೆಕ್ಕದ ಪುಸ್ತಕದಲ್ಲಿ ‘ಅಮ್ಮನಿಗೆ ಕೊಟ್ಟದ್ದು 300, ವಾಪಸ್ ಯುಗಾದಿಗೆ’ ಎಂದು ಬರೆಸಿ, ಯುಗಾದಿಗೆ ಕೊಡಿ. ಮದುವೆ ಮನೆಯಲ್ಲಿ ಬಂದ ಮುಯ್ಯಿಯಾದರೆ, ಅದನ್ನು ಮುಂದೆ ನಾವು ಅವರ ಮನೆಗೆ ತೀರಿಸಬೇಕು ಎಂಬುದನ್ನು ಹನ್ನೆರಡು ದಾಟಿದ ಮಕ್ಕಳಿಗೆ ಬಿಡಿಸಿ ಹೇಳಿ. ನಾವು ಕೊಟ್ಟದ್ದು, ನಮಗೆ ಬಂದದ್ದು ಬರೆದ ಮನೆಯ ಮುಯ್ಯಿ ಪಟ್ಟಿಯನ್ನೇ ತೋರಿಸಿ.

ಪ್ರ: ನಮ್ಮ ಮಗಳದು ಉಲ್ಟಾ. ರಬ್ಬರ್ ಕೊಳ್ಳಲೂ ಮನಸ್ಸಿಲ್ಲ, ಎಲ್ಲ ಕೂಡಿಡುತ್ತಾಳೆ. ಖುಷಿ ಪಡಬೇಕೇ?
(ತಾಯಿ, ಮಂಗಳೂರು)

ಉ: ಅರ್ಧ ಖುಷಿ ಪಡಿ. ಯಾವುದಕ್ಕೆ ಎಂದು ಗೊತ್ತಿಲ್ಲದೆ ಕೂಡಿಡುವುದು ಭಯದಿಂದಲೂ ಇರಬಹುದು. ಮನೆಯಲ್ಲಿ ಸಾಲ, ಕಂತು ಎಂದು ಜೋರು ಮಾತು ನಡೆದದ್ದು ಅವಳ ಕಿವಿಗೆ ಬಿದ್ದಿದೆಯೇ ಯೋಚಿಸಿ. ಬಿದ್ದಿದ್ದರೆ ‘ನಿನ್ನ ಓದಿಗೆ, ಊಟಕ್ಕೆ ಏನೂ ತೊಂದರೆ ಇಲ್ಲ’ ಎಂದು ನೇರವಾಗಿ ಹೇಳಿ. ಆಮೇಲೆ ಖರ್ಚು ಮಾಡಲು ಕಲಿಸಿ. ಕೂಡಿಟ್ಟದ್ದಕ್ಕೆ ಒಂದು ಹೆಸರು, ಒಂದು ತಾರೀಕು ಹಾಕಿಸಿ: ಬ್ಯಾಡ್ಮಿಂಟನ್ ರಾಕೆಟ್, 600 ರೂಪಾಯಿ, ಜೂನ್ 1. ಆ ದಿನ ಬಂದಾಗ ಮುಂದೂಡಲು ಬಿಡಬೇಡಿ, ಅಂಗಡಿಗೆ ಕರೆದೊಯ್ಯಿರಿ.

ಕೊಳ್ಳುವಾಗ ನೋಡಬೇಕಾದದ್ದನ್ನೂ ತೋರಿಸಿ. ಪ್ಯಾಕೆಟ್ಟಿನ ಮೇಲೆ ಎಂಆರ್‌ಪಿ ಪಕ್ಕದಲ್ಲಿ ಗ್ರಾಮಿಗೆ ಅಥವಾ ಮಿಲಿಲೀಟರಿಗೆ ಎಷ್ಟು ಎಂಬುದೂ ಈಗ ಅಚ್ಚಾಗಿರುತ್ತದೆ. 10 ರೂಪಾಯಿಗೆ 50 ಗ್ರಾಂ ಎಂದರೆ ಗ್ರಾಮಿಗೆ 20 ಪೈಸೆ. 54 ರೂಪಾಯಿಗೆ 300 ಗ್ರಾಂ ಎಂದರೆ 18 ಪೈಸೆ. ದೊಡ್ಡದು ಅಗ್ಗ ಎಂದು ತೀರ್ಮಾನಿಸುವ ಮೊದಲು ಶಾಂಪೂ ಸ್ಯಾಷೆಯನ್ನೂ ಬಾಟಲಿಯನ್ನೂ ಹೋಲಿಸಲಿ. ಹಲವು ಬ್ರ್ಯಾಂಡುಗಳಲ್ಲಿ ಸ್ಯಾಷೆಯೇ ಅಗ್ಗ.

ಪ್ರ: ಮನೆಯ ಖರ್ಚುವೆಚ್ಚ ಮಕ್ಕಳಿಗೆ ಹೇಳಬೇಕೇ?
(ತಂದೆ, ಚಿಕ್ಕಮಗಳೂರು)

ಉ: ಸಂಬಳದ ಅಂಕಿ ಬೇಕಿಲ್ಲ, ಅದು ಮರುದಿನ ಶಾಲೆಗೆ ತಲುಪುತ್ತದೆ. ಒಂದೆರಡು ಬಿಲ್ಲು ಕೈಗೆ ಕೊಡಿ. ಕರೆಂಟ್ ಬಿಲ್ಲು ಎಲ್ಲಕ್ಕಿಂತ ಒಳ್ಳೆಯದು. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಎಷ್ಟು ಯೂನಿಟ್ ಉಚಿತ ಎಂಬುದು ಹಿಂದಿನ ಸರಾಸರಿ ಬಳಕೆಯ ಮೇಲೆ ನಿಗದಿಯಾಗಿರುತ್ತದೆ. ಅದನ್ನು ಮೀರಿದರೆ ಹೆಚ್ಚಿನದಕ್ಕೆ ದುಡ್ಡು; 200 ದಾಟಿದರೆ ಇಡೀ ಬಿಲ್ಲೇ ನಿಮ್ಮದು. ಪ್ರತಿ ಭಾನುವಾರ ಮೀಟರ್ ಓದಿ ಬರೆಯುವ ಕೆಲಸ ಮಗುವಿಗೆ ಕೊಡಿ. ನಿಮ್ಮ ಮಿತಿ 120 ಯೂನಿಟ್ ಎಂದುಕೊಳ್ಳಿ, ದಿನಕ್ಕೆ ನಾಲ್ಕು. ಎರಡು ವಾರಕ್ಕೆ 56ರ ಬದಲು 70 ಆಗಿದ್ದರೆ ಗೀಸರೋ, ಇಸ್ತ್ರಿಪೆಟ್ಟಿಗೆಯೋ ಎಂದು ಅವರೇ ಹುಡುಕಲಿ. ಓದುವಾಗ ಪಾಯಿಂಟಿನ ನಂತರದ ಅಂಕಿಯನ್ನು ಸೇರಿಸಬಾರದು, ಮತ್ತು ಲೆಕ್ಕ ಶುರುವಾಗಬೇಕಾದ್ದು ಒಂದನೇ ತಾರೀಕಿನಿಂದಲ್ಲ, ಮೀಟರ್ ರೀಡರ್ ಬಂದುಹೋದ ದಿನದಿಂದ.